ಸರ್ಕಾರದ ಗಮನಕ್ಕೆ ತಂದವನು ನಾನೇ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ಕೆಲವರನ್ನು ಹೋದಲ್ಲೆಲ್ಲ ನಾಯಿ ಅಟ್ಟಿಸಿಕೊಂಡು ಬರುತ್ತದೆ. ನನಗೆ ಮಾತ್ರ ಹೋದಲ್ಲೆಲ್ಲ ಸರ್ಕಾರ ಎದುರಾಗುತ್ತದೆ. ನಾನೇನೂ ಹುಡುಕಿಕೊಂಡು ಹೋದವನಲ್ಲ. ಬೀದಿಯ ನಲ್ಲಿ ನೋಡಲು ಹೋದರೂ ಸರ್ಕಾರ, ತಂಗಿಯ ಯೋಗಕ್ಷೇಮ ವಿಚಾರಿಸಲು ಹೋದರೂ ಸರ್ಕಾರ. ಒಂದೆರಡು ಸಲವಾದರೆ ಅಕಸ್ಮಾತ್ ಅನ್ನಬಹುದು. ಹತ್ತು ಹನ್ನೆರಡು ವರ್ಷ ಬಿಡದೆ ಹೀಗೇ ಆದ ಮೇಲೆ ನನಗೇ ಖಾತ್ರಿಯಾಯಿತು: ಆ ಕಾಲದಲ್ಲಿ ಮೈಸೂರು ರಾಜ್ಯವನ್ನು ಆಳಿದವರು ಯಾರೇ ಇರಲಿ, ಅವರ ನಿದ್ದೆ ಕೆಡಿಸಿದವನು ನಾನೇ.

ನಂಬದಿದ್ದರೆ ಬೇಡ. ನನ್ನ ಹೆಂಡತಿಯೂ ನಂಬುವುದಿಲ್ಲ.

೧. ಗಮನ ಎಂಬ ವಸ್ತು

ನಾನು ಶಿವಮೊಗ್ಗದಲ್ಲಿ ಕಚೇರಿಗಳ ಎದುರು ಒಂದು ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ಮೇಜಿನ ಒಂದು ಕಾಲು ಕುಂಟು, ಕುರ್ಚಿಗೆ ಬೆನ್ನಿಲ್ಲ, ಆದರೆ ಅಕ್ಷರ! ನನ್ನ ಅಕ್ಷರದ ವಿಷಯ ನಾನೇ ಹೇಳಿಕೊಳ್ಳಬಾರದು, ಬೇರೆ ಯಾರೂ ಹೇಳದ ಕಾರಣ ಹೇಳುತ್ತಿದ್ದೇನೆ. ತಿರಸ್ಕರಿಸಬೇಕಾಗಿದ್ದ ಅರ್ಜಿಯೊಂದನ್ನು ಕೈಲಿ ಹಿಡಿದ ಅಮಲ್ದಾರರು, "ಇದರ ಮೇಲೆ ಅಡ್ಡಗೆರೆ ಎಳೆಯೋಕೆ ಕೈ ಬರ್ತಿಲ್ಲ," ಎಂದು ಮಂಜೂರು ಮಾಡಿದ್ದುಂಟು.

ಒಂದು ದಿನ ನಮ್ಮ ಮೆಂಬರ್ರು ಬಂದರು. ಮೆಂಬರ್ರು ಅಂದರೆ ನಮ್ಮ ಕಡೆಯಿಂದ ವಿಧಾನಸಭೆಗೆ ಗೆದ್ದಿದ್ದ ವಿರೋಧಪಕ್ಷದವರು. ಮಾಸಿದ ಜುಬ್ಬ, ಹೆಗಲಿಗೆ ಬಟ್ಟೆಚೀಲ, ಚೀಲದಲ್ಲಿ ಯಾವಾಗಲೂ ಒಂದು ಅಳತೆ ಟೇಪು. ಸಭೆಯಲ್ಲಿ ಇವರು ಎದ್ದು ನಿಂತರೆ ಮಂತ್ರಿಗಳು ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದರಂತೆ. ಮಾತು ಹಾಗೆ, ಅಕ್ಷರ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಅವರು ಕಳಿಸಿದ್ದ ಪ್ರಶ್ನೆಯೊಂದು, "ಸದರಿ ಬರಹವು ಯಾವ ಭಾಷೆಯಲ್ಲಿದೆ ಎಂಬುದನ್ನು ತಿಳಿಸುವುದು" ಎಂಬ ಷರಾ ಹೊತ್ತು ಬೆಂಗಳೂರಿನಿಂದ ವಾಪಸು ಬಂದಿತ್ತು.

"ಇದನ್ನ ಸ್ವಲ್ಪ ಮನುಷ್ಯರು ಓದೋ ಹಾಗೆ ಬರೆದುಕೊಡು ಮಾರಾಯ," ಅಂದರು.

"ಮನುಷ್ಯರು ಓದೋ ಹಾಗೋ, ಸರ್ಕಾರ ಓದೋ ಹಾಗೋ?" ಅಂದೆ.

ಮೆಂಬರ್ರು ನಕ್ಕು ಎದುರಿನ ಸ್ಟೂಲಿನ ಮೇಲೆ ಕೂತರು. ಆ ಸ್ಟೂಲು ಆಮೇಲೆ ಅವರದ್ದೇ ಆಯಿತು.

ಪ್ರಶ್ನೆ ಬರೆಯುವ ಕ್ರಮವನ್ನು ಅವರೇ ಕಲಿಸಿದರು. "ಶಾಲೆ ಸೂರು ಸೋರ್ತಿದೆ ಅಂತ ಹೇಳೋ ಹಾಗಿಲ್ಲ. ಅದು ಭಾಷಣ ಆಗುತ್ತೆ. ಸೂರು ಸೋರುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಅಂತ ಕೇಳಬೇಕು. ಅದು (ಅ). ಬಂದಿದ್ದರೆ ಸರ್ಕಾರ ಕೈಗೊಂಡ ಕ್ರಮವೇನು? ಅದು (ಆ)."

"ಗಮನಕ್ಕೆ ಬಂದೇ ಇಲ್ಲ ಅಂದುಬಿಟ್ರೆ?"

"ನಾವು ಕೇಳಿದ ಮೇಲೆ ಬಂದೇ ಬಂತಲ್ಲೋ! ಅಲ್ಲಿದೆ ಗುಟ್ಟು."

ಆವತ್ತಿನಿಂದ ನನಗೆ ಒಂದೇ ಕುತೂಹಲ. ಈ ಸರ್ಕಾರದ ಗಮನ ಅನ್ನುವುದು ಎಲ್ಲಿರುತ್ತದೆ? ಬೆಂಗಳೂರಿನಲ್ಲಿ ಒಂದೇ ಕಡೆ ಇದೆಯೋ, ಜಿಲ್ಲೆಗೊಂದರಂತೆ ಹಂಚಿದ್ದಾರೋ? ಶಿವಮೊಗ್ಗದಿಂದ ಹೊರಟ ವಿಷಯ ಅಲ್ಲಿಗೆ ತಲುಪಲು ಎಷ್ಟು ದಿನ ಬೇಕು? ಅದೂ ನಮ್ಮ ಹಾಗೇ ಬೀರೂರಿನಲ್ಲಿ ಇಳಿದು ರೈಲು ಬದಲಾಯಿಸಬೇಕೋ? ಊಟಕ್ಕೆ ಕೂತಾಗಲೂ ಇದನ್ನೇ ಯೋಚಿಸುತ್ತಿದ್ದೆ.

ಮೂರನೆಯ ದಿನ ಹೆಂಡತಿ ಖಾಲಿ ಡಬ್ಬಿ ತಂದು ಎಲೆಯ ಪಕ್ಕದಲ್ಲಿಟ್ಟಳು.

"ರೀ, ಮನೆಯಲ್ಲಿ ಕಾಫಿಪುಡಿ ಮುಗಿದು ಎರಡು ದಿನವಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?"

"ಪರಿಶೀಲನೆಯಲ್ಲಿದೆ," ಅಂದೆ.

"ಹಾಗಾದ್ರೆ ಮಜ್ಜಿಗೆಯೂ ಪರಿಶೀಲನೆಯಲ್ಲೇ ಇರಲಿ," ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

೨. ಭದ್ರಾವತಿಯಲ್ಲಿ ಗಾಳಿ ಎಣಿಸಿದ್ದು

ಮೆಂಬರ್ರದ್ದು ಒಂದು ವ್ರತ. ತಾವೇ ನೋಡದ್ದನ್ನು ಸಭೆಯಲ್ಲಿ ಕೇಳುವುದಿಲ್ಲ. ಮೋರಿ ಅಂದರೆ ಟೇಪು ಹಿಡಿದು ಅಳೆಯಬೇಕು, ಸೇತುವೆ ಅಂದರೆ ಮೇಲೊಮ್ಮೆ ಕೆಳಗೊಮ್ಮೆ ನಡೆಯಬೇಕು. ಟೇಪಿನ ಇನ್ನೊಂದು ತುದಿ ಹಿಡಿಯುವವನು ನಾನು. ಅಂದರೆ ಅರ್ಧ ವಿರೋಧಪಕ್ಷ ನನ್ನ ಕೈಯಲ್ಲೇ ಇತ್ತು.

ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸಗಾರರಿದ್ದ ಒಂದು ಕೇರಿಯಿಂದ ದೂರು ಬಂತು. ಬೀದಿಯ ನಲ್ಲಿ ಬತ್ತಿ ತಿಂಗಳುಗಳಾಗಿವೆ, ಕೇಳುವವರಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋದೆವು. ಮೆಂಬರ್ರು ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ನಲ್ಲಿ ತಿರುಗಿಸಿದರು. ಬುಸ್ ಅಂತು.

"ಬರ್ಕೋ. ಆರೂ ಹತ್ತು, ಗಾಳಿ."

"ಬರ್ಕೊಂಡೆ."

"ಆರೂವರೆ, ಗಾಳಿ."

"ಬರ್ಕೊಂಡೆ."

"ಏಳು ಗಂಟೆ, ಗಾಳಿ. ಜೊತೆಗೊಂದು ಜಿರಲೆ."

"ಜಿರಲೆ ಜೀವಂತವೋ ಸತ್ತಿದ್ದೋ ಸಾರ್? ಮಂತ್ರಿಗಳು ಕೇಳಿದ್ರೆ?"

"ಜೀವಂತ ಅಂತ ಬರಿ. ಇಲಾಖೆಯಲ್ಲಿ ಅದೊಂದಾದ್ರೂ ಓಡಾಡ್ತಿದೆ ಅಂತ ಗೊತ್ತಾಗಲಿ."

ಅಷ್ಟರಲ್ಲಿ ಕೊಡ ಹೊತ್ತ ಹೆಂಗಸೊಬ್ಬರು ನಮ್ಮೆದುರು ನಿಂತರು. ಸೇಲಂ ಕಡೆಯಿಂದ ಬಂದು ನೆಲೆಸಿದವರು. ಗಡಿಯಾರ ನೋಡಿದರು, ಟೇಪು ನೋಡಿದರು, ಮುಖದಲ್ಲಿ ಸಂತೋಷ ಉಕ್ಕಿತು.

"ಬಂದ್ರಾ ಸಾರ್! ನಲ್ಲಿ ರಿಪೇರಿಯಾ?"

"ಅಲ್ಲಮ್ಮಾ. ನಾನು ಎಮ್ಮೆಲ್ಲೆ."

"ಅಯ್ಯೋ ಕಡವುಳೇ," ಎಂದು ಆಕೆ ಕೊಡ ಮತ್ತೆ ಸೊಂಟಕ್ಕೇರಿಸಿದರು. "ನಾನು ಯಾರೋ ಕೆಲ್ಸ ಮಾಡೋರು ಅಂದ್ಕೊಂಡೆ."

ಪ್ರಶ್ನೆ ಹೋಯಿತು. ಈಗ ಕೇಳಿ ನಾನು ಕಂಡುಹಿಡಿದದ್ದನ್ನು. ನಮ್ಮ ಕಾಗದ ಬೆಂಗಳೂರಿಗೆ ಹೋಗಿ, ಇಲಾಖೆಗೆ ಇಳಿದು, ಅಲ್ಲಿಂದ ಉತ್ತರ ಬರೆದು ಕೊಡಿ ಅಂತ ಜಿಲ್ಲೆಗೇ ವಾಪಸು ಬರುತ್ತದೆ. ಬಂದ ತಕ್ಷಣ ಇಲ್ಲಿ ಎಲ್ಲರೂ ಎದ್ದು ಓಡುತ್ತಾರೆ. ಉತ್ತರದ ದಿನಕ್ಕೆ ಮೂರು ದಿನ ಮುಂಚೆ ನಲ್ಲಿಯಲ್ಲಿ ನೀರು ಬಂತು. ಮಂತ್ರಿಗಳು ಸಭೆಯಲ್ಲಿ ಎದ್ದು ನಿಂತು, "ಸದರಿ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿದೆ. ಪ್ರಶ್ನೆ ಉದ್ಭವಿಸುವುದಿಲ್ಲ," ಎಂದು ಕೂತರು.

ಮೆಂಬರ್ರು ಕೆಂಡವಾಗಿ ವಾಪಸು ಬಂದರು. "ಎರಡು ತಾಸು ಗಾಳಿ ಎಣಿಸಿದೋನು ಇಡೀ ಸಭೆ ಎದುರು ಸುಳ್ಳುಗಾರನಾದೆ! ಇನ್ಮೇಲೆ ಉತ್ತರದ ದಿನದ ತನಕ ಇಲ್ಲಿ ಒಬ್ಬ ಅಧಿಕಾರಿಗೂ ನಮ್ಮ ಪ್ರಶ್ನೆಯ ವಾಸನೆ ಹತ್ತಬಾರದು. ಕೊನೇ ಗಳಿಗೆಗೆ ಟಪಾಲಿಗೆ ಹಾಕೋಣ. ಕಾಗದ ಶಿವಮೊಗ್ಗಕ್ಕೆ ಬರೋ ಹೊತ್ತಿಗೆ ನಾನು ಅಲ್ಲಿ ಎದ್ದು ನಿಂತಿರಬೇಕು. ನಿನ್ನ ಬಾಯಿಂದ ಒಂದಕ್ಷರ ಹೊರಗೆ ಬರಕೂಡದು."

"ಬಾಯಿಂದ ಬರಲ್ಲ ಸಾರ್, ನನಗೆ ಅಕ್ಷರ ಬರೋದು ಕೈಯಿಂದ," ಅಂದೆ. ಈ ಮಾತನ್ನು ಆಡಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಅದು ಮುಂದೆ ಬರುತ್ತದೆ.

ವಾರ ಕಳೆದು ಆ ಕೇರಿಯ ಹೆಂಗಸು ಬಸ್ಸಿನ ಖರ್ಚು ಹಾಕಿಕೊಂಡು ನನ್ನ ಮರದ ಕೆಳಗೇ ಬಂದುಬಿಟ್ಟರು. ಸೀರೆ ಮೊಣಕಾಲ ತನಕ ಒದ್ದೆ.

"ಸಾರ್, ನೀರು ಬರೋಕೆ ಒಂದು ಪ್ರಶ್ನೆ ಬರೆದ್ರಲ್ಲ, ರೊಂಬ ಸಂತೋಷ. ಈಗ ನಲ್ಲಿ ತಿರುಗಿಸಿದ್ರೂ ನಿಲ್ತಾ ಇಲ್ಲ, ಬೀದಿಯೆಲ್ಲ ಹೊಳೆ. ನಿಲ್ಸೋಕೆ ಇನ್ನೊಂದು ಬರೀರಿ."

೩. ಬೋರ್ಡಿನಲ್ಲಿದ್ದ ನರ್ಸಮ್ಮ

ನಗೆಯ ನಡುವೆ ಒಂದು ಮಾತು. ನನ್ನ ತಂಗಿಯನ್ನು ಕುಂಸಿಯಿಂದ ಆಚೆ ಒಂದು ಸಣ್ಣ ಊರಿಗೆ ಕೊಟ್ಟಿತ್ತು. ಊರಿನ ಹೆಸರು ಬೇಡ, ಅವರು ಜಗಳಕ್ಕೆ ಗಟ್ಟಿಗರು. ಹಿಂದಿನ ವರ್ಷ ಏಳು ತಿಂಗಳಾದಾಗ ಚೊಚ್ಚಲು ಹೆರಿಗೆಗೆ ತವರಿಗೆ ಅಂತ ಗಾಡಿ ಹತ್ತಿದವಳು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಗುವನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ದಿನ ತುಂಬುತ್ತಿತ್ತು. ಕಾಲು ಊದಿತ್ತು. ಡಾಕ್ಟರು ಬಂದು ನೋಡಿ, ಗಾಡಿ ಬೇಡ, ಬಸ್ಸಂತೂ ಬೇಡವೇ ಬೇಡ, ಹೆರಿಗೆ ಇಲ್ಲೇ ಆಗಲಿ, ಆದರೆ ಕಲಿತ ಕೈ ಪಕ್ಕದಲ್ಲಿರಬೇಕು ಎಂದು ಹೇಳಿಹೋಗಿದ್ದರು. ಹೆಚ್ಚೆಂದರೆ ಎರಡು ವಾರ.

ನೋಡಲು ಹೋದಾಗ ತಂಗಿ ಗೋಡೆಗೆ ಒರಗಿ ಕೂತಿದ್ದಳು. "ಅಣ್ಣ, ಈ ಸಲ ನಾನು ಗಾಡಿ ಹತ್ತಲ್ಲ," ಅಂದಳು ಅಷ್ಟೆ.

ಅವಳ ಅತ್ತೆ, ಅಂದರೆ ಆ ಮನೆಯ ಅಜ್ಜಿ, ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಊರಿನ ತುದಿಯ ಒಂದು ಕೋಣೆ ತೋರಿಸಿದರು. ಬೀಗ ಹಾಕಿತ್ತು. ಮೇಲೆ ಬೋರ್ಡು: ಹೆರಿಗೆ ದಾದಿಯ ಹೆಸರು, ಕೆಲಸದ ವೇಳೆ, ಎಲ್ಲ ಬಿಳಿ ಬಣ್ಣದಲ್ಲಿ.

"ನರ್ಸಮ್ಮ ಯಾವಾಗ ಬರ್ತಾರೆ?" ಅಂದೆ.

"ಬೋರ್ಡು ಬಂದು ವರ್ಷ ಆಯ್ತು. ಆಯಮ್ಮ ಹಿಂದೇನೇ ಬರ್ತಾಳೆ ಅಂದಿದ್ರು," ಎಂದು ಅಜ್ಜಿ ಸೆರಗಿನಲ್ಲಿ ಬೋರ್ಡಿನ ಧೂಳು ಒರೆಸಿದರು. "ನಾವು ಬಸುರಿಯರನ್ನ ಕರ್ಕೊಂಡು ಬಂದು ಬೋರ್ಡು ತೋರ್ಸಿ ಕರ್ಕೊಂಡು ಹೋಗ್ತೀವಿ."

ಶಿವಮೊಗ್ಗಕ್ಕೆ ಬಂದು ಆ ನರ್ಸಮ್ಮನನ್ನು ಅರ್ಧ ದಿನದಲ್ಲಿ ಪತ್ತೆ ಮಾಡಿದೆ. ಅರ್ಜಿ ಬರೆಯುವವರ ಸಾಲಿನಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ಎರಡು ಮರ ಆಚೆ ಕೂರುವವನೇ ಆಕೆಗೆ ಮೂರು ಸಲ ಅರ್ಜಿ ಬರೆದುಕೊಟ್ಟಿದ್ದ: "ನನ್ನನ್ನು ನನ್ನ ಕೆಲಸದ ಊರಿಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ." ಇಲಾಖೆಯ ದೊಡ್ಡ ಸಾಹೇಬರೊಬ್ಬರು ಆಕೆಯನ್ನು ತಮ್ಮ ಬಂಗಲೆಯಲ್ಲೇ ಇಟ್ಟುಕೊಂಡಿದ್ದರು. ಸಾಹೇಬರ ಅತ್ತೆಗೆ ಮಂಡಿನೋವು. ನರ್ಸಮ್ಮ ಬೆಳಿಗ್ಗೆ ಸಂಜೆ ಎಣ್ಣೆ ತಿಕ್ಕಬೇಕು.

"ನಾನು ಹೆರಿಗೆ ಮಾಡಿಸೋದು ಕಲಿತೋಳು ಅಣ್ಣಾ," ಅಂದರು ಆಕೆ, ಬಂಗಲೆಯ ಹಿತ್ತಲ ಬಾಗಿಲಲ್ಲಿ ಕಣ್ಣಲ್ಲಿ ನೀರು ತಂದುಕೊಂಡು. "ವರ್ಷದಿಂದ ಒಂದೇ ಮಂಡಿ. ಅದೂ ಹೆರೋದಿಲ್ಲ."

೪. ಕಾಗದ ಕಳೆಯುವ ಕಷ್ಟ

ಮೆಂಬರ್ರು ವಿಷಯ ಕೇಳಿ ಸ್ಟೂಲಿನಿಂದ ಎದ್ದು ನಿಂತರು. "ಸಿಕ್ಕಿದ್ರು! ಈ ಅಧಿವೇಶನದಲ್ಲಿ ಇದಕ್ಕಿಂತ ದೊಡ್ಡದು ಬೇಡ." ಅಲ್ಲೇ ಹೇಳಿ ಬರೆಸಿದರು: ಹೆರಿಗೆ ದಾದಿಯನ್ನು ಅಧಿಕಾರಿಯ ಅತ್ತೆಯವರ ಬಲಗಾಲಿನ ಮಂಡಿಗೆ ಎಣ್ಣೆ ತಿಕ್ಕಲು ಇಟ್ಟುಕೊಂಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?

"ಬಲಗಾಲು ಅಂತ ಖಾತ್ರಿಯಾ ಸಾರ್?"

"ಯಾವುದೋ ಒಂದು ಕಾಲು ಬರೀಲೇಬೇಕು. ಕಾಲು ಹೆಸರಿಸಿದ್ರೆ ನಾವು ನೋಡಿದ್ದೀವಿ ಅಂತ ಆಗುತ್ತೆ. ಮಂತ್ರಿ ಬೆವರ್ತಾನೆ." ತಮ್ಮ ವ್ರತವನ್ನು ಅವರು ಮುರಿದದ್ದು ಅದೊಂದೇ ಸಲ, ಬಂಗಲೆಯೊಳಗೆ ಟೇಪು ಹಿಡಿದು ಹೋಗುವುದಾದರೂ ಹೇಗೆ?

"ಉತ್ತರ ಯಾವಾಗ ಬರುತ್ತೆ?"

"ಮೂರು ವಾರ. ಅಲ್ಲೀತನಕ ತುಟಿ ಹೊಲ್ಕೊಂಡಿರು."

ತಂಗಿಗೆ ಎರಡು ವಾರ, ಸರ್ಕಾರಕ್ಕೆ ಮೂರು ವಾರ. ತಂಗಿ ವಿಷಯ ಅವರಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವರ ಮುಖದ ಸಂತೋಷ ನೋಡಿ ಎರಡು ಸಲವೂ ಆಕಳಿಸಿದ ಹಾಗೆ ಮಾಡಿ ಮುಚ್ಚಿದೆ. ಬಾಯಿಂದ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ ಬೇರೆ. ಆದರೆ ಕಾಗದ ಕಳೆದುಹೋದರೆ? ಕಳೆದ ಕಾಗದ ಇಲಾಖೆಯವರ ಕೈಗೇ ಸಿಕ್ಕಿದರೆ? ಅದು ನನ್ನ ತಪ್ಪೇ?

ಪ್ರಶ್ನೆಯ ಒಂದು ಪ್ರತಿ ಮಾಡಿ, ಇಲಾಖೆಯ ಗುಮಾಸ್ತರು ದೋಸೆ ತಿನ್ನುವ ಹೋಟೆಲಿಗೆ ಹೋಗಿ, ಅವರ ಮೇಜಿನ ಮೇಲೇ ಬಿಟ್ಟು ಎದ್ದು ಬಂದೆ. ಗಾಂಧಿ ಬಜಾರಿನ ಅರ್ಧ ದಾಟಿರಲಿಲ್ಲ, ಹಿಂದಿನಿಂದ ಹೋಟೆಲ್ ಯಜಮಾನರೇ ಪಂಚೆ ಎತ್ತಿಕೊಂಡು ಓಡಿ ಬಂದರು. "ಸ್ವಾಮೀ, ಕಾಗದ! ಒಳ್ಳೇ ಹೊತ್ತಿಗೆ ನೋಡಿದೆ, ಗುಮಾಸ್ತರು ಕೈ ಒರೆಸೋಕೆ ತಗೊಂಡಿದ್ರು."

ಮಧ್ಯಾಹ್ನ ಇಲಾಖೆಯ ಕಚೇರಿಯ ಬೆಂಚಿನ ಮೇಲೆ ಬಿಟ್ಟು ಬಂದೆ. ಜವಾನ ಸೈಕಲ್ಲಿನಲ್ಲಿ ಬಂದು ಮರದ ಕೆಳಗೆ ತಲುಪಿಸಿ, ಸಲಾಂ ಹೊಡೆದು ಹೋದ.

ಮರುದಿನ ಧೈರ್ಯ ಮಾಡಿ ಹೆಡ್ ಗುಮಾಸ್ತರ ಮೇಜಿನ ಮೇಲೆ, ಅವರ ಕನ್ನಡಕದ ಕೆಳಗೇ ಇಟ್ಟು ಬಂದೆ. ಸಂಜೆ ಅವರೇ ಖುದ್ದಾಗಿ ತಂದರು, ಮಡಿಸಿ, ಲಕೋಟೆಯಲ್ಲಿ ಹಾಕಿ, ಅಂಟಿಸಿ.

"ನಿಮ್ಮ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದೆ. ಒಂದು ಸಾಲೂ ಓದಲಿಲ್ಲ. ಇನ್ನೊಬ್ಬರ ಕಾಗದ ಓದೋದು ಸಭ್ಯಸ್ಥರ ಲಕ್ಷಣ ಅಲ್ಲ ನೋಡಿ."

ಈ ಊರಲ್ಲಿ ಪಕ್ಕದ ಮನೆಯ ಹುಳಿಗೆ ಉಪ್ಪು ಜಾಸ್ತಿಯಾದರೆ ಮೂರು ಬೀದಿಗೆ ಗೊತ್ತಾಗುತ್ತದೆ. ನಾನು ಗುಟ್ಟು ಹೊರಹಾಕಲು ಹೊರಟ ದಿನ ಊರಿಗೆ ಊರೇ ಸಭ್ಯಸ್ಥರಾಗಿಬಿಟ್ಟಿತ್ತು.

೫. ಯಾವ ಕಾಲು

ಇನ್ನು ದಿನವಿರಲಿಲ್ಲ. ಸೀದಾ ಸಾಹೇಬರ ಬಂಗಲೆಗೆ ಹೋದೆ. ಸಾಹೇಬರು ಟೂರು ಹೋಗಿದ್ದರು. ಬಾಗಿಲಲ್ಲಿ ಆರಾಮಕುರ್ಚಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು, ದಪ್ಪ ಕನ್ನಡಕ, ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದರು. ಮಂಡಿಯವರೇ ಎಂದು ನೋಡಿದ ತಕ್ಷಣ ಗೊತ್ತಾಯಿತು.

ನಾನು ಮಾತಾಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವನಲ್ಲ. ಕಾಗದ ಅವರ ಕೈಗೆ ಕೊಟ್ಟು ಕಂಬದ ಹಾಗೆ ನಿಂತೆ.

ಆಕೆ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ರೀ ಇದು? ನನ್ನ ಮಂಡಿ ವಿಧಾನಸೌಧಕ್ಕೆ ಹೋಗ್ತಿದೆಯಾ?"

ತಲೆಯಾಡಿಸಿದೆ.

"ಪೇಪರಲ್ಲೂ ಬರುತ್ತಾ?"

ಇನ್ನೂ ಜೋರಾಗಿ ತಲೆಯಾಡಿಸಿದೆ.

"ಈ ಹುಡುಗಿ ಹೆರಿಗೆ ನರ್ಸು ಅಂತ ನನಗೆ ಒಬ್ಬರಾದ್ರೂ ಹೇಳಿದ್ರಾ? ನನ್ನ ಅಳಿಯ, ಎಣ್ಣೆ ತಿಕ್ಕೋದ್ರಲ್ಲಿ ಟ್ರೈನಿಂಗ್ ಆದವಳು ಅಂತ ಕರ್ಕೊಂಡು ಬಂದ!"

ಇಷ್ಟಾದ ಮೇಲೆ ನನ್ನ ಬಾಯಿ ಮಾತು ಕೇಳಲಿಲ್ಲ. ತಂಗಿಯ ವಿಷಯ, ಗಾಡಿಯ ವಿಷಯ, ಹಿಂದಿನ ಮಗುವಿನ ವಿಷಯ ಎಲ್ಲ ಹೇಳಿಬಿಟ್ಟೆ. ಆಕೆ ಪೇಪರ್ ಮಡಿಸಿಟ್ಟು, ಒಳಗೆ ತಿರುಗಿ ಕೂಗಿದರು. "ಏ ಮಗಾ! ಬಟ್ಟೆ ಕಟ್ಕೋ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು. ಅಳಿಯ ಬಂದ್ರೆ ನಾನು ಮಾತಾಡ್ತೀನಿ."

ನಾನು ಕೈ ಮುಗಿದು ಮೆಟ್ಟಿಲಿಳಿದೆ. ಗೇಟಿನ ತನಕ ಹೋಗಿದ್ದೆ.

"ನಿಲ್ರೀ!"

ತಿರುಗಿದೆ.

"ಬಲಗಾಲು ಅಂತ ಬರೆದಿದ್ದೀರಿ. ನೋವಿರೋದು ಎಡಗಾಲು. ಸಭೆಗೆ ಸುಳ್ಳು ಹೇಳಬಾರದು, ತಿದ್ದಿ."

ತಿದ್ದಿದೆ. ಪ್ರತಿಯಲ್ಲೂ ತಿದ್ದಿದೆ, ಮನೆಗೆ ಬಂದು ಟಪಾಲಿಗೆ ಹಾಕಬೇಕಾಗಿದ್ದ ಅಸಲಿನಲ್ಲೂ ತಿದ್ದಿದೆ. ಕಸುಬಿನ ಮರ್ಯಾದೆ ಅನ್ನುವುದು ಒಂದಿರುತ್ತದೆ.

೬. ಗ್ಯಾಲರಿಯಿಂದ ಬಂದ ಉತ್ತರ

ನರ್ಸಮ್ಮ ಹೋದ ಒಂಬತ್ತನೆಯ ದಿನ ನಡುಮಧ್ಯಾಹ್ನ ತಂಗಿಗೆ ಹೆರಿಗೆಯಾಯಿತು. ಸುಲಭವಾಗಿ ಆಗಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ. ಮಗು ಅತ್ತದ್ದು ಕೇಳಿದ ಮೇಲೆ ಭಾವ ಹೊರಗಿನ ಜಗಲಿಯಲ್ಲಿ ಕೂತು ತಾನೂ ಅತ್ತನಂತೆ. ಅಜ್ಜಿ ಮಾತ್ರ ಊರ ತುದಿಗೆ ಹೋಗಿ ಬೋರ್ಡಿಗೆ ಒಂದು ಹೂವು ಮುಡಿಸಿ ಬಂದರಂತೆ.

ಹೆಣ್ಣುಮಗು.

ಉತ್ತರದ ದಿನ ಮೆಂಬರ್ರು ನನ್ನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. "ನೀನು ಬರೆದ ಪ್ರಶ್ನೆ. ಮಂತ್ರಿ ಬೆವರೋದು ಕಣ್ಣಾರೆ ನೋಡು," ಅಂದರು. ರೈಲಿನಲ್ಲಿ ಅಷ್ಟು ದೂರವೂ ನಾನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಬೆವರುತ್ತಿದ್ದವನು ನಾನು.

ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಿಸಿದರು. ಕೆಮ್ಮಬಾರದು, ಕಾಲು ಮೇಲೆ ಕಾಲು ಹಾಕಬಾರದು, ಮಾತಂತೂ ಆಡಲೇಬಾರದು ಎಂದು ಬಿಳಿ ಡ್ರೆಸ್ಸಿನವನೊಬ್ಬ ಹೇಳಿಹೋದ. ನನ್ನ ವಾಕ್ಯವನ್ನು ಅಷ್ಟು ಜನರೆದುರು ಗಟ್ಟಿಯಾಗಿ ಓದುತ್ತಾರೆ ಅಂದುಕೊಂಡಿದ್ದೆ. ಸಭಾಧ್ಯಕ್ಷರು ಬರೀ ಒಂದು ನಂಬರು ಕೂಗಿದರು. ಮಂತ್ರಿಗಳು ಎದ್ದರು.

"(ಅ) ಸದರಿ ಊರಿನಲ್ಲಿ ದಾದಿಯು ಕೆಲಸದಲ್ಲಿ ಹಾಜರಿದ್ದಾರೆ. (ಆ) ಉದ್ಭವಿಸುವುದಿಲ್ಲ." ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. ಗೆದ್ದ ಸಂತೋಷ, ಇನ್ನೊಂದು ಮಾತು ಸೇರಿಸಿದರು. "ಅಷ್ಟೇ ಅಲ್ಲ ಸಭಾಧ್ಯಕ್ಷರೇ, ಕಳೆದ ವಾರವೇ ಅವರು ಅಲ್ಲಿ ಒಂದು ಹೆರಿಗೆಯನ್ನು ಸುಸೂತ್ರವಾಗಿ ಮಾಡಿಸಿದ್ದಾರೆ!"

ಆ ಕಡೆಯವರೆಲ್ಲ ಮೇಜು ಬಡಿದರು. ಮೆಂಬರ್ರು ಎದ್ದು ನಿಂತರು. ಕೈಯಲ್ಲಿದ್ದ ಕಾಗದದಲ್ಲಿ ಕೇಳಲು ಏನೂ ಉಳಿದಿರಲಿಲ್ಲ. ಅವರು ನಿಧಾನವಾಗಿ ತಲೆಯೆತ್ತಿ ಗ್ಯಾಲರಿಯ ಕಡೆ, ಸೀದಾ ನನ್ನ ಕಡೆ, ನೋಡಿದರು. ನಾನು ಕಂಬದ ಹಿಂದೆ ಸರಿಯಲು ನೋಡಿದೆ. ಅಲ್ಲಿ ಕಂಬ ಇರಲಿಲ್ಲ.

"ಉಪಪ್ರಶ್ನೆ, ಸಭಾಧ್ಯಕ್ಷರೇ," ಅಂದರು ಮೆಂಬರ್ರು ತಣ್ಣಗೆ. "ಮಗು ಗಂಡೋ ಹೆಣ್ಣೋ?"

ಸಭೆ ಘೊಳ್ಳೆಂದಿತು. ಮಂತ್ರಿಗಳು ಕಡತದ ಮುಂದಿನ ಹಾಳೆ ನೋಡಿದರು, ಹಿಂದಿನ ಹಾಳೆ ನೋಡಿದರು. ಪಕ್ಕದಲ್ಲಿ ಕೂತಿದ್ದ ಅಧಿಕಾರಿಗಳ ಕಡೆಯಿಂದ ಒಂದು ಚೀಟಿ ಬಂತು, ಇನ್ನೊಂದು ಚೀಟಿ ಬಂತು. ಎರಡನ್ನೂ ಓದಿ, ನೀರು ಕುಡಿದು, ಮಂತ್ರಿಗಳು ಹೇಳಿದರು:

"ಮಾಹಿತಿ ಸಂಗ್ರಹಿಸಿ ಸಭೆಯ ಮುಂದೆ ಇಡಲಾಗುವುದು."

ನನಗೆ ಏನಾಯಿತೋ ಕಾಣೆ. ಗೊತ್ತಿರುವವನು ಇಲ್ಲಿ ಕೂತಿದ್ದೇನೆ, ಅವರು ಅಲ್ಲಿ ಹುಡುಕುತ್ತಿದ್ದಾರೆ! ಎದ್ದು ನಿಂತು ಕೂಗಿಯೇಬಿಟ್ಟೆ.

"ಹೆಣ್ಣು ಸ್ವಾಮೀ! ನನ್ನ ತಂಗಿ ಮಗಳು!"

ಬಿಳಿ ಡ್ರೆಸ್ಸಿನವರು ಇಬ್ಬರು ಬಂದು ನನ್ನನ್ನು ಎರಡು ತೋಳು ಹಿಡಿದು ಎತ್ತಿದರು. ಬಾಗಿಲು ದಾಟುವಾಗ ಹಿಂದಿನಿಂದ ಸಭಾಧ್ಯಕ್ಷರ ಗಂಭೀರ ಧ್ವನಿ ಕೇಳಿಸಿತು.

"ಗ್ಯಾಲರಿಯಿಂದ ಬಂದ ಉತ್ತರ ಕಡತಕ್ಕೆ ಹೋಗತಕ್ಕದ್ದಲ್ಲ."

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಸಭೆ ಮುಗಿಸಿ ಮೆಂಬರ್ರು ಬಂದು ಪಕ್ಕದಲ್ಲಿ ಕೂತರು. ತಪ್ಪಾಯ್ತು ಅನ್ನಲು ಬಾಯಿ ತೆರೆದೆ.

"ನಾನು ಬರೆಸಿದ್ದು ಬಲಗಾಲು," ಅಂದರು. "ಅಚ್ಚಾಗಿ ಬಂದಿದ್ದು ಎಡಗಾಲು. ಆವತ್ತೇ ಗೊತ್ತಾಯ್ತು, ನೀನು ಮಂಡಿ ನೋಡಿ ಬಂದಿದ್ದೀಯ ಅಂತ. ಯಾಕೆ ಅಂತ ಮಾತ್ರ ಈಗ ಗೊತ್ತಾಯ್ತು."

"ನಿಮ್ಮ ಪ್ರಶ್ನೆ ಹಾಳಾಯ್ತಲ್ಲ ಸಾರ್."

"ಮತ್ತೇನು ಮಾಡ್ತಿದ್ದೆ ಮಾರಾಯ? ನಿನ್ನ ತಂಗಿ ಹೆರಿಗೇನ ಸಭಾಧ್ಯಕ್ಷರು ಮುಂದಿನ ಅಧಿವೇಶನಕ್ಕೆ ಮುಂದೂಡ್ತಿದ್ರಾ?"

೭. ಮಾಹಿತಿ ಸಂಗ್ರಹ

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಸಭೆಯ ಮುಂದೆ ಇಡಲಾಗುವುದು ಎಂದು ಮಂತ್ರಿಗಳು ಹೇಳಿದ್ದರಲ್ಲ. ಸರ್ಕಾರ ಮರೆಯುವುದಿಲ್ಲ. ನಿಧಾನ, ಅಷ್ಟೆ.

ಮಗುವಿಗೆ ಮೂರು ವರ್ಷ ತುಂಬುತ್ತಾ ಬಂದಾಗ ಇಲಾಖೆಯ ಗುಮಾಸ್ತನೊಬ್ಬ ಕಡತ ಕಂಕುಳಲ್ಲಿಟ್ಟುಕೊಂಡು ತಂಗಿಯ ಊರಿಗೆ ಬಂದನಂತೆ. ಇದನ್ನು ನನಗೆ ಹೇಳಿದವರು ಅಜ್ಜಿ. ಆ ದಿನ ಏನೋ ಶುಭಕಾರ್ಯ, ಮಗುವಿಗೆ ಮೊಗ್ಗಿನ ಜಡೆ ಹಾಕಿ, ಲಂಗ ತೊಡಿಸಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಜಗಲಿಯಲ್ಲಿ ಕೂರಿಸಿದ್ದರು.

"ಅಜ್ಜಿ, ಇದೇನಾ ಆ ಮಗು? ಗಂಡೋ ಹೆಣ್ಣೋ?" ಎಂದು ಗುಮಾಸ್ತ ಕೇಳಿದ.

"ಕಾಣಲ್ವೇನಪ್ಪ, ಹೆಣ್ಣುಕೂಸು."

"ಇದಕ್ಕೆ ಮುಂಚೆ?"

"ಒಂದು ಹೋಯ್ತಪ್ಪ, ಹೊಟ್ಟೇಲೇ."

ಗುಮಾಸ್ತ ಮುಗುಳ್ನಕ್ಕನಂತೆ. "ಅಜ್ಜಿ, ನನ್ನ ಹತ್ರ ಇದೆಲ್ಲ ನಡೆಯಲ್ಲ. ನಮ್ಮ ಮನೇಲೂ ಹಿಂದಿನದು ಹೋಗಿ ಆಮೇಲೆ ಹುಟ್ಟಿದೋನು ನಾನು. ಐದು ವರ್ಷದ ತನಕ ನನಗೂ ಜಡೆ, ಲಂಗ, ಬಳೆ. ಗಂಡು ಅಂತ ಗೊತ್ತಾದ್ರೆ ದೃಷ್ಟಿಯಾಗುತ್ತೆ ಅಂತ ಕೇಳಿದೋರಿಗೆಲ್ಲ ನನ್ನಮ್ಮ ಹೆಣ್ಣು ಅಂತಲೇ ಹೇಳ್ತಿದ್ಲು."

"ಅಯ್ಯೋ, ಇದು ನಿಜವಾಗ್ಲೂ ಹೆಣ್ಣು ಕಣಪ್ಪ! ದೇವರಾಣೆ!"

"ನನ್ನಮ್ಮನೂ ಹೀಗೇ ಆಣೆ ಹಾಕ್ತಿದ್ಲು," ಎಂದು ಗುಮಾಸ್ತ ಕಡತ ಕೆಳಗಿಟ್ಟನಂತೆ. ಮಗುವಿನ ಎದುರು ಕೂತು, ಅದರ ಕೆನ್ನೆ ಸವರಿ, ಎರಡೂ ಕೈಯಿಂದ ಲಟಿಕೆ ಮುರಿದು ದೃಷ್ಟಿ ತೆಗೆದು, "ಯಾರಿಗೂ ಹೇಳಲ್ಲ ಅಜ್ಜಿ, ಸರ್ಕಾರಕ್ಕೆ ಬಿಟ್ಟು," ಎಂದು ಬರೆದುಕೊಂಡು ಹೋದ.

ಆ ಬರಹ ಎಲ್ಲೆಲ್ಲಿ ಕೂತಿತ್ತೋ. ಮಧ್ಯೆ ಒಂದು ಚುನಾವಣೆ ಬಂತು, ಮೆಂಬರ್ರು ಸೋತರು. ಆಮೇಲೆ ಉಪಚುನಾವಣೆಯೊಂದು ಬಂತು, ಗೆದ್ದರು. ಮಂತ್ರಿಗಳು ಬದಲಾದರು, ಮಗು ಬೆಳೆಯಿತು, ಶಾಲೆ ಕಲಿಯಲು ಶಿವಮೊಗ್ಗಕ್ಕೆ ನಮ್ಮ ಮನೆಗೇ ಬಂತು. ಶಾಲೆ ಬಿಟ್ಟ ಮೇಲೆ ನನ್ನ ಮರದ ಕೆಳಗೆ ಕೂತು ನಾವು ಪ್ರಶ್ನೆ ಬರೆಯುವುದನ್ನು ಕಣ್ಣರಳಿಸಿ ನೋಡುತ್ತಿತ್ತು. ಆ ಕುತೂಹಲ ಸೋದರಮಾವನಿಂದ ಬಂದದ್ದು ಎಂದು ನಾನು. ಅಷ್ಟೊಂದು ಪ್ರಶ್ನೆ ಕೇಳುವುದು ಮೆಂಬರ್ರ ಸಹವಾಸ ದೋಷ ಎಂದು ನನ್ನ ಹೆಂಡತಿ.

ಒಂದು ಸಂಜೆ ಮೆಂಬರ್ರು ಉದ್ದನೆಯ ಲಕೋಟೆ ಹಿಡಿದು ಬಂದರು. ಕನ್ನಡಕ ಮರೆತಿದ್ದರು. "ನೀನೇ ಓದಮ್ಮ," ಎಂದು ಮಗುವಿನ ಕೈಗೆ ಕೊಟ್ಟರು. ಎರಡನೇ ಕ್ಲಾಸು. ಅದು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿತು.

"ಮಾನ್ಯ ಸದಸ್ಯರ ಉಪಪ್ರಶ್ನೆಗೆ ಸಂಬಂಧಿಸಿದಂತೆ... ಮಾಹಿತಿಯನ್ನು ಸಂಗ್ರಹಿಸಲಾಗಿದ್ದು... ಸದರಿ ಶಿಶುವು ಗಂಡು ಎಂದು... ಸ್ಥಳ ತನಿಖೆಯಿಂದ ದೃಢಪಟ್ಟಿರುತ್ತದೆ. ದೃಷ್ಟಿ ಪರಿಹಾರಕ್ಕಾಗಿ ಜಡೆ ಹಾಕಲಾಗಿರುತ್ತದೆ."

ಮೆಂಬರ್ರು ನನ್ನ ಮುಖ ನೋಡಿದರು. ನಾನು ಮರದ ಮೇಲಿನ ಕಾಗೆ ನೋಡಿದೆ.

"ಮಾವ, ಶಿಶು ಅಂದ್ರೆ ಯಾರು?"

"ನೀನೇ ಕಣೇ."

ಅವಳು ತನ್ನ ಜಡೆಯನ್ನು ಮುಂದಕ್ಕೆಳೆದು ನೋಡಿಕೊಂಡಳು. ಮತ್ತೆ ಕಾಗದ ನೋಡಿದಳು.

"ಜಡೆ ವಿಷಯ ಸರಿಯಾಗಿ ಬರ್ದಿದ್ದಾರೆ. ಮಿಕ್ಕಿದ್ದು ತಪ್ಪು. ಯಾರಿಗೆ ಹೇಳ್ಬೇಕು?"

"ಹೇಳೋ ಹಾಗಿಲ್ಲ ಪುಟ್ಟಿ," ಅಂದರು ಮೆಂಬರ್ರು, ಸ್ಟೂಲಿನಿಂದ ಎದ್ದು ಅವಳಿಗೆ ಜಾಗ ಬಿಡುತ್ತಾ. "ಕೇಳಬೇಕು."

ನಾನು ಪೆನ್ನಿಗೆ ಕೈ ಹಾಕಿದೆ. ಇಂಥ ಪ್ರಶ್ನೆಯನ್ನು ನನ್ನ ಅಕ್ಷರ ಬಿಟ್ಟು ಇನ್ಯಾರದರಲ್ಲಿ ಕಳಿಸುವುದು? ಅವಳು ನನ್ನ ಕೈ ತಳ್ಳಿ, "ನಂಗೆ ಬರುತ್ತೆ ಮಾವ," ಎಂದು ಪೆನ್ನು ಕಿತ್ತುಕೊಂಡಳು. ಸ್ಟೂಲಿನ ಮೇಲೆ ಮಂಡಿಯೂರಿ, ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಬಹಳ ಹೊತ್ತು ಬರೆದಳು. ಅಕ್ಷರ ಒಂದೊಂದೂ ಕಡಲೆಕಾಯಿ ಗಾತ್ರ, ಆದರೆ ಕ್ರಮ ಒಂಚೂರೂ ತಪ್ಪಿರಲಿಲ್ಲ.

(ಅ) ನಾನು ಹುಡುಗಿ ಎಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ?

(ಆ) ಬಂದಿದ್ದರೆ, ಸರ್ಕಾರ ಕೈಗೊಂಡ ಕ್ರಮವೇನು?